200 ಡಿಗ್ರಿಗೇ ಕೊಟ್ಟ ಟೇಬಲ್

ಹೋದ ಜುಲೈಯ ಆ ಗುರುವಾರ ನೆನಪಾದರೆ ಈಗಲೂ ಹೊಟ್ಟೆ ತೊಳಸುತ್ತದೆ. ಮಂಗಳೂರಿನಲ್ಲಿ ಎಡೆಬಿಡದ ಮಳೆ. ಲ್ಯಾಬಿನಲ್ಲಿ ಬೆಳಿಗ್ಗೆಯಿಂದ ಮೂರು ಸಲ ಕರೆಂಟ್ ಹೋಗಿತ್ತು. ಕಲ್ಲಿನಲ್ಲಿ ಉಳಿದ ಭೂಮಿಯ ಹಳೆಯ ಕಾಂತದ ದಿಕ್ಕು ಅಳೆದು ಅದರ ವಯಸ್ಸು ಹೇಳುವುದು ನಮ್ಮ ಕೆಲಸ. ಮೇಜಿನ ಮೇಲೆ 14 ಕೋರ್‌ಗಳು, ಅಂದರೆ ಬಂಡೆಯಿಂದ ಕೊರೆದು ತೆಗೆದ ತುಂಡುಗಳು. ಎಲ್ಲ ಶಿವಾಲಿಕ್ ಬೆಟ್ಟದ ಕೆಂಪು ಮಣ್ಣುಕಲ್ಲು, ಚಂಡೀಗಢದ ಕಡೆಯದು. ಅದೇ ಪದರದಲ್ಲಿ ಒಂದು ಈಕ್ವಸ್ (ಈಗಿನ ಕುದುರೆಯ ಕುಲ) ಹಲ್ಲೂ ಸಿಕ್ಕಿತ್ತು.

"ಐದು ಗಂಟೆಗೆ ಫಲಿತಾಂಶದ ಟೇಬಲ್ ಬೇಕು, ವರದಿ ಮೇಲಕ್ಕೆ ಹೋಗಬೇಕು" ಅಂತ ಸರ್ ಫೋನ್ ಮಾಡಿದರು. ಮೇಲಿನವರಿಗೆ ಓವನ್ ಬಿಸಿಯಾಗಲು, ಆರಲು ಎಷ್ಟು ಹೊತ್ತು ಬೇಕು ಅಂತ ಗೊತ್ತಿಲ್ಲ. ಕೇಳುವುದೂ ಇಲ್ಲ.

ಕೋರ್‌ಗಳನ್ನು ಹಂತ ಹಂತವಾಗಿ ಓವನ್‌ನಲ್ಲಿ ಕಾಯಿಸಿ, ಆರಿಸಿ, ಪ್ರತಿ ಸಲ ದಿಕ್ಕು ಅಳೆಯುತ್ತೇವೆ. 100, 150, 200 ಡಿಗ್ರಿ. ಮೂರೂ ಸ್ಟೆಪ್‌ನಲ್ಲಿ ಸ್ಪಿನ್ನರ್ (ಕಾಂತದ ದಿಕ್ಕು ಅಳೆಯುವ ಯಂತ್ರ) ಒಂದೇ ಮಾತು ಹೇಳಿತು: ಉತ್ತರಕ್ಕೆ, ಕೆಳಕ್ಕೆ. ನಾರ್ಮಲ್, ಅಂದರೆ ಇವತ್ತಿನ ಕಾಂತದ ಹಾಗೆಯೇ. ಹಾಗಾದರೆ ಕಾಂತ ನಾರ್ಮಲ್ ಇದ್ದ ಗೌಸ್ ಕಾಲದ್ದು, ಅಂದರೆ 25.8 ಲಕ್ಷ ವರ್ಷಕ್ಕಿಂತ ಹಳೆಯದು ಅಂದುಕೊಂಡೆ. ಶಿವಾಲಿಕ್‌ನಲ್ಲಿ ಈಕ್ವಸ್ ಕಾಣಿಸುವುದೇ ಹೆಚ್ಚುಕಡಿಮೆ ಆ ಗಡಿಯ ಹೊತ್ತಿಗೆ. ನಮ್ಮ ಹಲ್ಲು ಅದಕ್ಕೂ ಹಿಂದಿನದಾ? ಮೈ ಜುಂ ಅಂದಿತು. ನಾಲ್ಕೂವರೆಗೆ ಮೇಲ್ ಕಳಿಸಿಬಿಟ್ಟೆ.

"ಮೇಡಂ, ಉಳಿದ ಸ್ಟೆಪ್ ಮಾಡುವುದಾ?" ಅಂತ ಹುಡುಗ ಕೇಳಿದ. ಮಾಡು ಅಂದೆ.

400ಕ್ಕೆ ದಿಕ್ಕು ಅಲುಗಾಡಿತು. 550ರ ಮಧ್ಯದಲ್ಲಿ ಕರೆಂಟ್ ಹೋಗಿ ಆ ಸ್ಟೆಪ್ ಮತ್ತೆ ಮಾಡಬೇಕಾಯಿತು. 620ಕ್ಕೆ ಒಂಬತ್ತನೇ ಕೋರ್ ಸ್ಪಿನ್ನರಿಗೆ ಇಟ್ಟಾಗ ಪರದೆಯಲ್ಲಿ ಬಂದದ್ದು ದಕ್ಷಿಣಕ್ಕೆ, ಮೇಲಕ್ಕೆ: ರಿವರ್ಸ್, ಪೂರ್ತಿ ಉಲ್ಟಾ. ಕೋರ್ ಮೇಲೆ ದಿಕ್ಕಿಗೆಂದು ಹಾಕಿದ ಬಾಣದ ಗುರುತೇ ತಲೆಕೆಳಗಾಗಿದೆ ಅನ್ನಿಸಿತು. ಕೋರ್ ಕೈಗೆತ್ತಿಕೊಂಡು ಹಿತ್ತಾಳೆ ಕಡ್ಡಿಯಲ್ಲಿ ಗೀರಿದ ಗೆರೆಯನ್ನು ದೀಪದ ಕೆಳಗೆ ಹಿಡಿದೆ. ಬೆರಳಿಗೆಲ್ಲ ಕುಂಕುಮದಂಥ ಪುಡಿ ಅಂಟಿತು. ಫೀಲ್ಡ್ ಪುಸ್ತಕ ತೆಗೆದು ಎರಡು ಸಲ ಹೋಲಿಸಿದೆ. ಬಾಣ ಸರಿಯಾಗಿತ್ತು.

ಮುಂದಿನ ಟ್ರೇ ಆರಲು ನಲವತ್ತು ನಿಮಿಷ ಕಾದೆ. ಅಷ್ಟು ಉದ್ದದ ನಲವತ್ತು ನಿಮಿಷ ನಾನು ಬೇರೆ ಕಂಡಿಲ್ಲ. ಆ ಹೊತ್ತಿನಲ್ಲಿ ಬೆಳಗಿನ ಪ್ಲಾಟನ್ನು ಟಿಲ್ಟ್ (ಪದರದ ಓರೆ) ಸರಿಪಡಿಸದೆ ಮತ್ತೆ ತೆರೆದೆ. ಚುಕ್ಕಿಗಳೆಲ್ಲ ಆ ಜಾಗದ ಇವತ್ತಿನ ಕಾಂತಕ್ಷೇತ್ರದ ಸುತ್ತ ಗುಂಪಾಗಿ ಕೂತಿದ್ದವು. ಬರೀ ಓವರ್‌ಪ್ರಿಂಟ್, ಹಳೆಯ ಗುರುತಿನ ಮೇಲೆ ಆಮೇಲೆ ಅಂಟಿದ ಕಾಂತ! ಭೂಮಿಯ ಕಾಂತ ಈಗಿನ ದಿಕ್ಕಿಗೆ ತಿರುಗಿ ಸುಮಾರು 7.8 ಲಕ್ಷ ವರ್ಷವಾಯಿತು. ಅಷ್ಟು ಕಾಲ ಬೆಟ್ಟದಲ್ಲಿ ಬಿದ್ದಿದ್ದ ಕಲ್ಲು ಅದನ್ನು ಮೈಗೆ ಹಚ್ಚಿಕೊಂಡಿರುತ್ತದೆ, 200 ಡಿಗ್ರಿಗೆ ಅದು ಹೋಗುವುದಿಲ್ಲ. ಕಲ್ಲಿಗೆ ಕೆಂಪು ಕೊಡುವ ಹೆಮಟೈಟ್ ಖನಿಜ ತನ್ನ ಹಳೆಯ ಗುರುತನ್ನು ಪೂರ್ತಿ ಬಿಡುವುದು 680ರ ಹತ್ತಿರ. ಹೊಸಬರಿಗೆ ಪ್ರತಿ ವರ್ಷ ಇದನ್ನು ಹೇಳಿಕೊಡುವವಳು ನಾನೇ.

ಕೊನೆಗೆ 11 ಕೋರ್ ರಿವರ್ಸ್. ಮೂರರಲ್ಲಿ ಏನೂ ಉಳಿಯಲಿಲ್ಲ. ಗೌಸ್ ಆದಮೇಲೆ ಕಾಂತ ಉಲ್ಟಾ ಇದ್ದ ಮಾತುಯಾಮ ಕಾಲ, ಅಂದರೆ 25.8 ಲಕ್ಷ ವರ್ಷದ ಈಚಿನದು.

ರಾತ್ರಿ ಒಂಬತ್ತಕ್ಕೆ ಸರ್‌ಗೆ ಫೋನ್ ಮಾಡಿದೆ. ವರದಿ ಆಗಲೇ ಹೋಗಿತ್ತು. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. "ಹಲ್ಲು ನೋಡಿಯಾದರೂ ಅನುಮಾನ ಬರಬೇಕಿತ್ತಲ್ವಾ ನಿಮಗೆ?" ಅಂದರು.

ಆ ಮಾತು ಇನ್ನೂ ಚುಚ್ಚುತ್ತದೆ, ಯಾಕೆಂದರೆ ಅದು ನಿಜ. ಕಾಂತ ಹೇಳುವುದು ನಾರ್ಮಲ್ಲೋ ರಿವರ್ಸೋ, ಅಷ್ಟೇ. ಯಾವ ಕಾಲದ ನಾರ್ಮಲ್ ಅಂತ ಹೇಳುವುದು ಪ್ರಾಣಿಗಳು. ಶಿವಾಲಿಕ್‌ನ ಕೆಳಗಿನ, ಹಳೆಯ ತಾತ್ರೋಟ್ ಪದರಗಳಲ್ಲಿ ಮೂರು ಬೆರಳಿನ ಕುದುರೆ ಹಿಪ್ಪೇರಿಯನ್, ಮೇಲಿನ ಪಿಂಜೋರ್ ಪದರಗಳಲ್ಲಿ ಒಂಟಿ ಗೊರಸಿನ ಈಕ್ವಸ್. ಹಲ್ಲು ತನ್ನ ಜಾಗದಲ್ಲೇ ಇತ್ತು, ನಾನು ಅದನ್ನು ಕೆಳಕ್ಕೆ ಎಳೆದಿದ್ದೆ.

ಈಗ 600 ದಾಟದೆ ಯಾರಿಗೂ ಟೇಬಲ್ ಕೊಡುವುದಿಲ್ಲ, ಯಾರು ಫೋನ್ ಮಾಡಿದರೂ ಅಷ್ಟೇ. ತಿದ್ದಿದ ಟೇಬಲ್ ಮಾರನೇ ದಿನವೇ ಕಳಿಸಿದ್ದೆ, ಆದರೂ ಅಚ್ಚಾಗಿ ಬಂದದ್ದು ಹಳೆಯದೇ. ಲ್ಯಾಬಿನ ಪ್ರತಿಯಲ್ಲಿ ಗೌಸ್ ಅಂತ ಇದ್ದದ್ದನ್ನು ಪೆನ್ನಿನಿಂದ ಹೊಡೆದುಹಾಕಿ, ಪಕ್ಕದಲ್ಲಿ ಮಾತುಯಾಮ ಅಂತ ಬರೆದು ಸಹಿ ಹಾಕಿದ್ದೇನೆ.