ಜೂನ್ ಒಂದನೇ ತಾರೀಖು ಹುಟ್ಟಿದವರು

2024ರ ಮೇ 31, ಶುಕ್ರವಾರ, ಮಧ್ಯಾಹ್ನ 3.40. ನಮ್ಮ ಹಿರಿಯ ಡ್ರೈವರ್ ಒಬ್ಬರ ರಜೆ ಲೆಕ್ಕ ಬೇಕು ಅಂತ ಲೆಕ್ಕಪತ್ರ ವಿಭಾಗದವರು ಕೇಳಿದ್ದರು. ಬೀರುವಿನಿಂದ ಅವರ ಎಸ್‌ಆರ್, ಅಂದರೆ ಸೇವಾ ಪುಸ್ತಕ, ತೆಗೆದೆ. ಮೊದಲ ಪುಟದಲ್ಲಿ ಜನ್ಮದಿನಾಂಕ ಅಂಕಿಯಲ್ಲೂ ಇತ್ತು, ಅಕ್ಷರದಲ್ಲೂ ಇತ್ತು. 01-06-1964.

ಎರಡು ಸಲ ಓದಿದೆ. ಕೈ ತಣ್ಣಗಾಯಿತು.

ಎಸ್ಟಾಬ್ಲಿಷ್‌ಮೆಂಟ್ (ಸಿಬ್ಬಂದಿ ವಿಭಾಗದ) ಕೆಲಸ ಮಾಡಿದವರಿಗೆ ಗೊತ್ತೇ ಇರುತ್ತದೆ. 60 ತುಂಬುವ ತಿಂಗಳ ಕೊನೇ ದಿನ ನಿವೃತ್ತಿ. ಒಂದನೇ ತಾರೀಖು ಹುಟ್ಟಿದವರಿಗೆ ಮಾತ್ರ ಹಿಂದಿನ ತಿಂಗಳ ಕೊನೇ ದಿನ. ಅಂದರೆ ಅವರ ನಿವೃತ್ತಿ ಜೂನ್ 30 ಅಲ್ಲ, ಇವತ್ತು. ಕಚೇರಿ ಮುಗಿಯಲು ಎರಡು ಗಂಟೆಯೂ ಇರಲಿಲ್ಲ. ಅವರು ಇನ್‌ಸ್ಪೆಕ್ಷನ್ ತಂಡದ ಜೊತೆ ಗಾಡಿ ತೆಗೆದುಕೊಂಡು ಶಿರಾಗೆ ಹೋಗಿದ್ದರು.

ನಾನು ಸರ್ಕಾರದ ಒಂದು ಸಣ್ಣ ಮಂಡಳಿಯಲ್ಲಿ ಎಚ್‌ಆರ್ ಅಧಿಕಾರಿ. ಕಾಯಂ ನೌಕರರು 58 ಜನ. ಹಾಜರಾತಿ, ರಜೆ, ಹೊರಗುತ್ತಿಗೆಯವರ ಪಿಎಫ್ ಮತ್ತು ಇಎಸ್‌ಐ ಚಲನ್, ಆರ್‌ಟಿಐ ಅರ್ಜಿ, ಕೋರ್ಟ್ ಕೇಸಿಗೆ ಪ್ಯಾರಾವಾರು ಉತ್ತರ, ಎಲ್ಲ ನನ್ನ ಟೇಬಲ್ಲಿಗೇ ಬರುತ್ತದೆ. ದೊಡ್ಡ ಇಲಾಖೆಗಳಲ್ಲಿ ನೌಕರರ ಲೆಕ್ಕ ಇಡುವ ಎಚ್‌ಆರ್‌ಎಂಎಸ್ ಸಾಫ್ಟ್‌ವೇರ್ ಇದೆ, ಖಜಾನೆ ಇದೆ, ಮಹಾಲೇಖಪಾಲರ ಕಚೇರಿ ಇದೆ. ಒಬ್ಬರು ತಪ್ಪಿದರೆ ಇನ್ನೊಬ್ಬರು ಹಿಡಿಯುತ್ತಾರೆ. ನಮ್ಮಲ್ಲಿ ಇರುವುದು ಒಂದು ಎಕ್ಸೆಲ್ ಶೀಟ್. ಹುಟ್ಟಿದ ತಾರೀಖಿಗೆ 60 ವರ್ಷ ಕೂಡಿಸಿ ಆ ತಿಂಗಳ ಕೊನೇ ದಿನ ತೋರಿಸುವ ಫಾರ್ಮುಲಾ. ಹಾಕಿದವಳು ನಾನೇ. ಒಂದನೇ ತಾರೀಖಿನ ನಿಯಮ ನನಗೆ ಗೊತ್ತಿತ್ತು. ಫಾರ್ಮುಲಾದಲ್ಲಿ ಸೇರಿಸಿರಲಿಲ್ಲ.

ನಮ್ಮ ಕಡೆ ಆ ಕಾಲದವರ ದಾಖಲೆ ತೆಗೆದು ನೋಡಿ, ಎಷ್ಟೊಂದು ಜನ ಜೂನ್ ಒಂದರಂದೇ ಹುಟ್ಟಿದ್ದಾರೆ. ಶಾಲೆಗೆ ಸೇರಿಸುವಾಗ ಮನೆಯವರಿಗೆ ತಾರೀಖು ನೆನಪಿರುತ್ತಿರಲಿಲ್ಲ, ಮೇಷ್ಟ್ರು ಶಾಲೆ ಶುರುವಾಗುವ ತಿಂಗಳು ಹಿಡಿದು ಒಂದು ತಾರೀಖು ಬರೆದುಬಿಡುತ್ತಿದ್ದರು. ನಮ್ಮ 58 ಜನರಲ್ಲೇ ಏಳು ಜನ ಹೀಗಿದ್ದಾರೆ. ಇದು ಎಲ್ಲೋ ಅಪರೂಪಕ್ಕೆ ಬರುವ ತಾರೀಖಲ್ಲ. ನಾನು ಮೊದಲು ನೋಡಬೇಕಿದ್ದದ್ದೇ ಇದನ್ನು.

ಇದಕ್ಕಿಂತ ಜಾಸ್ತಿ ಚುಚ್ಚುವುದು ಇನ್ನೊಂದಿದೆ. ಮಾರ್ಚ್‌ನಲ್ಲಿ ಅವರೇ ಬಂದು ಕೇಳಿದ್ದರು. "ಮೇಡಂ, ನಂದು ಯಾವ ತಿಂಗಳು ಅಂತ ಒಂದ್ಸಲ ನೋಡಿ ಹೇಳ್ತೀರಾ?" ಎಸ್‌ಆರ್ ನನ್ನ ಬೆನ್ನ ಹಿಂದಿನ ಬೀರುವಿನಲ್ಲೇ ಇತ್ತು. ನಾನು ಸ್ಕ್ರೀನ್ ನೋಡಿ "ಜೂನ್ ಕೊನೆಗೆ ಅಣ್ಣಾ" ಅಂದೆ. ಅಷ್ಟಕ್ಕೇ ಸುಮ್ನಿರಲಿಲ್ಲ. ಕೆಲಸದ ಕೊನೇ ದಿನಕ್ಕೆ ಹಿಂದಿನ ಇನ್‌ಕ್ರಿಮೆಂಟ್ (ವಾರ್ಷಿಕ ವೇತನ ಹೆಚ್ಚಳ) ಆಗಿ ವರ್ಷ ಪೂರ್ತಿಯಾಗಿದ್ದರೆ, ಮಾರನೇ ದಿನ ನೌಕರಿಯಲ್ಲಿ ಇಲ್ಲದಿದ್ದರೂ ಇನ್‌ಕ್ರಿಮೆಂಟ್ ಕೊಡಬೇಕು ಅಂತ 2023ರ ಏಪ್ರಿಲ್‌ನಲ್ಲಿ ಕೆಪಿಟಿಸಿಎಲ್ (ರಾಜ್ಯದ ವಿದ್ಯುತ್ ಪ್ರಸರಣ ನಿಗಮ) ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯಲ್ಲ, ಅದನ್ನು ವಿವರಿಸಿ, ನಿಮ್ಮ ಇನ್‌ಕ್ರಿಮೆಂಟ್ ಜುಲೈ ಒಂದಕ್ಕೆ ಇರುವುದರಿಂದ ನಿಮಗೂ ಸಿಗುತ್ತದೆ, ಗ್ರಾಚ್ಯುಟಿ ಮತ್ತು ರಜೆ ನಗದೀಕರಣವೂ ಅದೇ ವೇತನದ ಮೇಲೆ ಬರುತ್ತದೆ ಅಂದಿದ್ದೆ. ಅವರು ಒಂದು ಚೀಟಿಯಲ್ಲಿ ಲೆಕ್ಕ ಬರೆದುಕೊಂಡು, ಮಡಿಚಿ ಜೇಬಿನಲ್ಲಿಟ್ಟುಕೊಂಡು ಹೋಗಿದ್ದರು. ಮೇ 31ಕ್ಕೇ ನಿವೃತ್ತಿ ಅಂದರೆ ವರ್ಷ ಪೂರ್ತಿಯಾಗುವುದಿಲ್ಲ, ಆ ಇನ್‌ಕ್ರಿಮೆಂಟ್ ಇಲ್ಲ.

ನಮ್ಮ ಎಂಡಿ (ವ್ಯವಸ್ಥಾಪಕ ನಿರ್ದೇಶಕರು) ಮೀಟಿಂಗ್‌ನಲ್ಲಿದ್ದರು. ನಮ್ಮ ಸೂಪರಿಂಟೆಂಡೆಂಟ್ ಹತ್ತಿರ ಓಡಿದೆ. "ಯಾರಿಗೂ ಗೊತ್ತಿಲ್ವಲ್ಲ, ಜೂನ್ ಕಳೀಲಿ ಬಿಡಿ" ಅಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನನಗೂ ಐದು ನಿಮಿಷ ಅದೇ ಸರಿ ಅನ್ನಿಸಿತು. ಸೀಟಿಗೆ ವಾಪಸ್ ಬಂದು ಸುಮ್ಮನೆ ಕೂತೆ. ನಂತರ ಯೋಚನೆ ಬಂತು. ಜೂನ್ ತಿಂಗಳ ಸಂಬಳವನ್ನು ಆಡಿಟ್‌ನವರು ಆಕ್ಷೇಪಣೆಗೆ ಹಾಕಿ ವಸೂಲಿ ಮಾಡಿ ಅಂದರೆ ಹೋಗುವುದು ಅವರ ಗ್ರಾಚ್ಯುಟಿಯಿಂದ, ನನ್ನ ಜೇಬಿನಿಂದ ಅಲ್ಲ. ಅವಧಿ ಮುಗಿದ ಮೇಲೆ ಮಂಡಳಿಯ ಗಾಡಿ ಓಡಿಸುವಾಗ ಏನಾದರೂ ಆದರೆ ಅವರ ಪರ ಯಾರು ನಿಲ್ಲುತ್ತಾರೆ? ಬಿಡುಗಡೆ ಆದೇಶ ಟೈಪ್ ಮಾಡಿದೆ. 4.20ಕ್ಕೆ ಎಂಡಿ ಸಹಿ ಹಾಕಿದರು. ಮುಖ ಎತ್ತಿ ನೋಡಿದರು, ಏನೂ ಹೇಳಲಿಲ್ಲ.

ಆಮೇಲೆ ಇನ್ನೊಂದು ತಪ್ಪು ಮಾಡಿದೆ. ಗಾಡಿಯಲ್ಲಿದ್ದ ಸಹಾಯಕ ಎಂಜಿನಿಯರ್‌ಗೆ ಫೋನ್ ಮಾಡಿ, ಎಲ್ಲಾದರೂ ನಿಲ್ಲಿಸಿ, ಅವರಿಗೊಂದು ಟೀ ಕೊಡಿಸಿ, ನಾನು ಮಾತಾಡಬೇಕು ಅಂತ ಹೇಳಬಹುದಿತ್ತು. ಗಾಬರಿಯಲ್ಲಿ ನೇರ ಅವರ ನಂಬರಿಗೇ ಮಾಡಿದೆ. ಗಾಡಿ ಬದಿಗೆ ಹಾಕಿ ಎತ್ತಿದರು. ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ. ಆ ಕಡೆಯಿಂದ ಲಾರಿಗಳ ಸದ್ದು ಮಾತ್ರ ಕೇಳಿಸುತ್ತಿತ್ತು. ತುಂಬಾ ಹೊತ್ತಾದ ಮೇಲೆ ಕೇಳಿದರು.

"ಹಂಗಾದ್ರೆ ಗಾಡಿ ಯಾರು ತರ್ತಾರೆ ಮೇಡಂ?"

36 ವರ್ಷ ಕೆಲಸ ಮಾಡಿದ ಮನುಷ್ಯ ಮೊದಲು ಕೇಳಿದ್ದು ಅದನ್ನೇ. ನೀವೇ ತನ್ನಿ ಅಣ್ಣಾ, ಇವತ್ತು ಪೂರ್ತಿ ನೀವು ನೌಕರಿಯಲ್ಲೇ ಇದ್ದೀರಿ ಅಂದೆ. ನನ್ನ ಗಂಟಲು ಕಟ್ಟಿತ್ತು.

ಅವರು ಬಂದಾಗ 7.40. ಎಂಡಿ ಹೊರಟಿದ್ದರು. ನಾನು ಮತ್ತು ವಾಚ್‌ಮನ್ ಇದ್ದೆವು. ಲಾಗ್ ಬುಕ್‌ನಲ್ಲಿ ಕಿಲೋಮೀಟರ್ ಬರೆದು, ಸಹಿ ಹಾಕಿ, ಕೀ ನನ್ನ ಟೇಬಲ್ ಮೇಲಿಟ್ಟರು. ಕ್ಷಮಿಸಿ ಅಂದೆ. "ನಮ್ಮವ್ವ ಹೇಳೋ ಪ್ರಕಾರ ನಾನು ಹುಟ್ಟಿದ್ದು ದೀಪಾವಳಿ ಹೊತ್ಗೆ ಮೇಡಂ" ಅಂದರು. ಜನ್ಮದಿನಾಂಕ ತಿದ್ದಿಸಲು ಕೆಲಸಕ್ಕೆ ಸೇರಿ ಮೂರು ವರ್ಷದೊಳಗೆ ಅರ್ಜಿ ಹಾಕಬೇಕು ಅನ್ನುವ ನಿಯಮ ನನ್ನ ಬಾಯಿ ತುದಿಗೆ ಬಂದಿತ್ತು. ಹೇಳಲಿಲ್ಲ.

ನಮ್ಮಲ್ಲಿ ಯಾರು ನಿವೃತ್ತರಾದರೂ ಹಾರ, ಶಾಲು, ಪೇಟ ಎಲ್ಲ ಆದ ಮೇಲೆ ಕಚೇರಿ ಗಾಡಿಯಲ್ಲಿ ಮನೆಗೆ ಬಿಟ್ಟು ಬರುವ ಪದ್ಧತಿ ಇದೆ. ಇಷ್ಟು ವರ್ಷ ಎಲ್ಲರನ್ನೂ ಬಿಟ್ಟು ಬಂದವರು ಅವರೇ. ಅವತ್ತು ಅವರು ಬಸ್ ಹತ್ತಿ ಹೋದರು. ಟ್ಯಾಕ್ಸಿ ಮಾಡಿಸುತ್ತೇನೆ ಅಂದರೂ ಕೇಳಲಿಲ್ಲ. ಜೂನ್ ಕೊನೆಗೆ ಹೆಂಡತಿಯನ್ನು ಕರೆತಂದು ಕಚೇರಿ ತೋರಿಸಬೇಕು, ಎಲ್ಲರಿಗೂ ಹೋಳಿಗೆ ಊಟ ಹಾಕಿಸಬೇಕು ಅಂತ ಇದ್ದರಂತೆ. ವಾಚ್‌ಮನ್ ಆಮೇಲೆ ಹೇಳಿದ.

ಸೋಮವಾರ ಕೂತು 58 ಎಸ್‌ಆರ್‌ಗಳ ಮೊದಲ ಪುಟವನ್ನೂ ಶೀಟಿನ ಜೊತೆ ಹೋಲಿಸಿದೆ. ಉಳಿದ ಆರು ಜನರ ತಾರೀಖು ತಿದ್ದಿ, ಅವರನ್ನು ಒಬ್ಬೊಬ್ಬರಾಗಿ ಕರೆದು ತಿಳಿಸಿದೆ. ಈಗ ಪ್ರತಿ ಜನವರಿಯಲ್ಲಿ ಪ್ರತಿಯೊಬ್ಬರೂ ತಮ್ಮ ಎಸ್‌ಆರ್ ತೆರೆದು ನೋಡಿ, ನಿವೃತ್ತಿ ತಾರೀಖಿನ ಮುಂದೆ ಸಹಿ ಹಾಕುತ್ತಾರೆ. ಆರು ತಿಂಗಳು ಮುಂಚೆ ಪತ್ರ ಹೋಗುತ್ತದೆ. ಆ ಪತ್ರದ ಟಿಪ್ಪಣಿಯನ್ನು ನಾನಲ್ಲದೆ ಇನ್ನೊಬ್ಬರು ಪರಿಶೀಲಿಸಲೇಬೇಕು. ಸಾಫ್ಟ್‌ವೇರ್ ಕೊಡಿ ಅಂತ ಹಾಕಿದ ಕಡತ ಮೂರು ವರ್ಷದಿಂದ "ಚರ್ಚಿಸಿ" ಅಂತ ಬರೆಸಿಕೊಂಡು ವಾಪಸ್ ಬರುತ್ತಲೇ ಇದೆ. ಒಬ್ಬರೇ ನೋಡುವ ಕಡೆ ಒಬ್ಬರ ಮರೆವು ಇನ್ನೊಬ್ಬರ ಬದುಕಿಗೆ ಹೋಗಿ ತಾಗುತ್ತದೆ ಅಂತ ಈ ಸಲ ಬರೆದು ಮತ್ತೆ ಕಳಿಸಿದ್ದೇನೆ.

ಗ್ರಾಚ್ಯುಟಿ ಜೂನ್ 21ಕ್ಕೆ ಅವರ ಖಾತೆಗೆ ಹೋಯಿತು, ಇನ್‌ಕ್ರಿಮೆಂಟ್ ಇಲ್ಲದ ವೇತನದ ಲೆಕ್ಕದಲ್ಲಿ. ಫೋನ್ ಮಾಡಿ ತಿಳಿಸಿದೆ. ಬೀಳ್ಕೊಡುಗೆ ಇಟ್ಟುಕೊಳ್ಳೋಣ, ಮನೆಯವರನ್ನೂ ಕರ್ಕೊಂಡು ಬನ್ನಿ ಅಂದೆ. "ಮನೇಲಿ ಕೇಳಿ ಹೇಳ್ತೀನಿ ಮೇಡಂ" ಅಂದರು. ಅವರ ಕಡೆಯಿಂದ ಫೋನ್ ಬರಲಿಲ್ಲ. ನಾನು ಇನ್ನೂ ಎರಡು ಸಲ ಮಾಡಿದೆ. ಅವರಿಗೆ ಅಂತ ತಂದ ಶಾಲು ಎಸ್‌ಆರ್‌ಗಳ ಬೀರುವಿನಲ್ಲೇ ಇದೆ.