ಯಂತ್ರಕ್ಕೆ ಹೇಳಿಕೊಟ್ಟವರು ಯಾರು?

ನಾನಿರುವ ಊರಿನ ಗ್ರಂಥಾಲಯದ ಅಂಗಳದಲ್ಲಿ ಈಚೆಗೆ ಒಂದು ಕಲಾಕೃತಿ ಇಟ್ಟಿದ್ದರು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಫೋನಿನಿಂದ ಯಾರು ಬೇಕಾದರೂ ಒಂದು ಪದ ಕಳಿಸಬಹುದು. ಕೃತಕ ಬುದ್ಧಿಮತ್ತೆ ಆ ಪದ ಹಿಡಿದು ಎರಡು ಸಾಲಿನ ಪದ್ಯ ಹೊಸೆಯುತ್ತದೆ, ಎಲ್‌ಇಡಿ ಫಲಕದ ಮೇಲೆ ಅದು ಹರಿಯುತ್ತದೆ. ಪಕ್ಕದ ಮನೆಯ ಕನ್ನಡದ ಹುಡುಗಿ ಅಮ್ಮನ ಫೋನಿನಿಂದ ‘ಅಜ್ಜಿ’ ಎಂದು ಕಳಿಸಿದಳು. ಫಲಕದ ಮೇಲೆ ಮೊದಲು ‘ಅ’ ಬಂತು, ಆಮೇಲೆ ಒಂದು ‘ಜ’, ಪಕ್ಕದಲ್ಲಿ ಒಂಟಿಯಾಗಿ ನಿಂತ ಅರ್ಧಾಕ್ಷರದ ಗುರುತು, ಮತ್ತೊಂದು ‘ಜ’, ಕೊನೆಗೆ ಬೇರೆಯಾಗಿ ಬಿದ್ದ ಗುಡಿಸು. ಕೆಳಗೆ ಪದಕ್ಕೆ ಸಂಬಂಧವೇ ಇಲ್ಲದ ಇಂಗ್ಲಿಷ್ ಪದ್ಯ.

“ಅಮ್ಮಾ, ಇದು ಅಜ್ಜೀನ ಮುರಿದುಹಾಕ್ತು. ಇದಕ್ಕೆ ಯಾರೂ ಹೇಳಿಕೊಟ್ಟಿಲ್ವಾ?” ಅಂದಳು.

ಈ ಬಗೆಯ ಕಲೆಯ ಬುಡಕ್ಕೇ ಕೈಹಾಕುವ ಪ್ರಶ್ನೆ ಅದು. ಜನ ಪದ ಕೊಡುತ್ತಾರೆ, ಮುಖ ಕೊಡುತ್ತಾರೆ, ದನಿ ಕೊಡುತ್ತಾರೆ. ಆದರೆ ಅವರು ಬಂದು ನಿಲ್ಲುವ ಹೊತ್ತಿಗೆ ಯಂತ್ರದ ಪಾಠ ಮುಗಿದಿರುತ್ತದೆ. ಆ ಪಾಠದಲ್ಲಿ ಯಾರ ಮಾತು ಇತ್ತು, ಯಾರದು ಇರಲಿಲ್ಲ ಎನ್ನುವುದು ಕೃತಿ ಬಯಲಿಗೆ ಬಂದ ದಿನ ಗೊತ್ತಾಗುತ್ತದೆ.

ಅಲ್ಲಿ ಕೆಟ್ಟದ್ದು ಎರಡು ಬೇರೆ ಬೇರೆ ಕಡೆ. ಮೊದಲನೆಯದು ಫಲಕ. ‘ಅಜ್ಜಿ’ ಕಣ್ಣಿಗೆ ಎರಡೇ ಅಕ್ಷರ. ಯುನಿಕೋಡ್‌ನಲ್ಲಿ (ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಪದ್ಧತಿ) ಅದು ಐದು ಸಂಕೇತ: ಅ, ಜ, ಅರ್ಧಾಕ್ಷರದ ಗುರುತು, ಜ, ಗುಡಿಸು. ಯುಟಿಎಫ್-8 ಎಂಬ ವಾಡಿಕೆಯ ಕ್ರಮದಲ್ಲಿ ಉಳಿಸಿದರೆ ಒಂದೊಂದಕ್ಕೂ ಮೂರು ಬೈಟ್ ಜಾಗ, ಒಟ್ಟು 15. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಸಂಕೇತ, 18 ಬೈಟ್. ಇವನ್ನು ಜೋಡಿಸಿ ಒತ್ತಕ್ಷರ ಮಾಡುವ ಕೆಲಸ ಹಾರ್ಫ್‌ಬಜ್‌ನಂಥ ತಂತ್ರಾಂಶದ್ದು. ಎಲ್‌ಇಡಿ ಫಲಕಗಳ ಜೊತೆ ಬರುವ ಸಣ್ಣ ತಂತ್ರಾಂಶಗಳು ಸಾಮಾನ್ಯವಾಗಿ ಆ ಗೋಜಿಗೆ ಹೋಗುವುದಿಲ್ಲ, ಬಂದ ಸಂಕೇತಗಳನ್ನು ಸಾಲಾಗಿ ಇಟ್ಟುಬಿಡುತ್ತವೆ. ಪರಿಹಾರ ಕಷ್ಟದ್ದೇನಲ್ಲ. ಪದವನ್ನು ಬ್ರೌಸರ್‌ನಲ್ಲೇ ನೋಟೊ ಸ್ಯಾನ್ಸ್ ಕನ್ನಡದಂಥ ಫಾಂಟ್‌ನಲ್ಲಿ ಮೂಡಿಸಿ, ಅದನ್ನು ಚಿತ್ರವಾಗಿ ಫಲಕಕ್ಕೆ ಕಳಿಸಬೇಕು. ಪೈಥಾನ್‌ನ ಪಿಲ್ಲೋ ಎಂಬ ಚಿತ್ರ ಮೂಡಿಸುವ ತಂತ್ರಾಂಶ ಬಳಸುವವರು ಅಕ್ಷರ ಜೋಡಿಸುವ ಲಿಬ್‌ರಾಕ್ಮ್ ಸೇರಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು, ಇಲ್ಲದಿದ್ದರೆ ಅಲ್ಲೂ ಇದೇ ಕಥೆ. ಫಲಕದ ಎತ್ತರವೂ ಮುಖ್ಯ. ಹದಿನಾರು ಪಿಕ್ಸೆಲ್‌ನಲ್ಲಿ ಇಂಗ್ಲಿಷ್ ಚೆಂದಾಗಿ ಕೂರುತ್ತದೆ. ‘ಶಾಸ್ತ್ರ’ದ ಎರಡು ಒತ್ತು ಕೆಳಗೆ ಇಳಿಯಬೇಕಾದರೆ 32 ಆದರೂ ಬೇಕು. ಪದಕ್ಕೆ ‘ಹನ್ನೆರಡು ಅಕ್ಷರ ಮೀರಬಾರದು’ ಎಂಬ ಮಿತಿ ಇದ್ದರೆ ಅದು ಸಂಕೇತಗಳನ್ನು ಎಣಿಸುತ್ತಿದೆಯೋ ಅಕ್ಷರಗಳನ್ನೋ ಪರೀಕ್ಷಿಸಿ. ಸಂಕೇತ ಎಣಿಸಿದರೆ ‘ಸ್ವಾತಂತ್ರ್ಯೋತ್ಸವ’ ನಡುವಿನಲ್ಲೇ ತುಂಡಾಗುತ್ತದೆ. ಪರೀಕ್ಷೆಗೆ ಸೂರ್ಯ, ಕೃಷ್ಣ, ರಾಷ್ಟ್ರ, ಜ್ಞಾನ ಈ ನಾಲ್ಕು ಪದ ಸಾಕು. ಅರ್ಕಾವೊತ್ತು, ವಟ್ರಸುಳಿ, ಜೋಡಿ ಒತ್ತು ಎಲ್ಲವೂ ಇವುಗಳಲ್ಲೇ ಸಿಕ್ಕಿಬೀಳುತ್ತವೆ.

ಎರಡನೆಯ ದೋಷ ಒಳಗಿನದು, ಅದನ್ನು ಫಾಂಟ್ ಬದಲಿಸಿ ಸರಿಪಡಿಸಲಾಗದು. ಪದ್ಯ ಹೊಸೆಯುವ ಭಾಷಾ ಮಾದರಿ, ಅಂದರೆ ರಾಶಿ ಬರಹ ಓದಿ ಭಾಷೆ ಕಲಿತ ತಂತ್ರಾಂಶ, ಪಠ್ಯವನ್ನು ತುಣುಕು ಮಾಡಿ ಓದುತ್ತದೆ. ಕಲಿಯುವಾಗ ಹೆಚ್ಚು ಕಂಡ ಪದಗಳಿಗೆ ಇಡೀ ಒಂದು ತುಣುಕು, ಅಪರೂಪಕ್ಕೆ ಕಂಡ ಲಿಪಿಗೆ ಬೈಟ್ ಬೈಟಾಗಿ ಚೂರು. ಜಿಪಿಟಿ-2 ಎಂಬ ಹಳೆಯ ಮಾದರಿಯ ತುಣುಕುಗಳ ಪಟ್ಟಿಯಲ್ಲಿ 50,257 ನಮೂದುಗಳಿದ್ದವು, ಕನ್ನಡದ ಪದಗಳಿಗೆ ಅದರಲ್ಲಿ ಜಾಗವಿರಲಿಲ್ಲ. ಹಳೆಯ ಸಣ್ಣ ಮಾದರಿಯನ್ನು ಕೃತಿಯೊಳಗೆ ಕೂರಿಸಿದರೆ ‘ಅಜ್ಜಿ’ ಅದಕ್ಕೆ ಅರ್ಥವಿಲ್ಲದ ಚೂರುಗಳ ರಾಶಿ. ಈಗಿನ ದೊಡ್ಡ ಮಾದರಿಗಳು ಎಷ್ಟೋ ವಾಸಿ. ಆದರೆ ಅವು ನಡೆಯಲು ಸಾಮಾನ್ಯವಾಗಿ ಇಂಟರ್ನೆಟ್ ಬೇಕು, ಬಯಲಿನಲ್ಲಿಟ್ಟ ಕೃತಿಗೆ ಅದೇ ಎಲ್ಲಕ್ಕಿಂತ ದುರ್ಬಲ ಕೊಂಡಿ.

ಪದ ಪಡೆದು ಪದ್ಯ ಹೊಸೆಯುವುದನ್ನೇ ಅಚ್ಚುಕಟ್ಟಾಗಿ ಮಾಡಿದ ಕೃತಿಯೂ ಇದೆ. 2018ರ ಸೆಪ್ಟೆಂಬರ್‌ನಲ್ಲಿ ಲಂಡನ್‌ನ ಟ್ರಫಾಲ್ಗರ್ ಚೌಕದಲ್ಲಿ ಕಲಾವಿದೆ ಎಸ್ ಡೆವ್ಲಿನ್ ನಾಲ್ಕು ಕಂಚಿನ ಸಿಂಹಗಳ ಜೊತೆಗೆ ಐದನೆಯದಾಗಿ ಕಣ್ಣು ಕುಕ್ಕುವ ಕೆಂಪು ಸಿಂಹ ನಿಲ್ಲಿಸಿದರು. ಜನ ಒಂದು ಪದ ಉಣಿಸಿದರೆ ಅದು ಗರ್ಜಿಸುತ್ತಿತ್ತು, ಬಾಯೊಳಗೆ ಪದ್ಯ ಮೂಡುತ್ತಿತ್ತು. ಕತ್ತಲಾದ ಮೇಲೆ ಪದ್ಯ ನೆಲ್ಸನ್ ಕಂಬದ ಮೇಲೇರುತ್ತಿತ್ತು. ಅದರ ಅಲ್ಗಾರಿದಮ್ ರೂಪಿಸಿದವರು ರಾಸ್ ಗುಡ್‌ವಿನ್. ಕಲಿಸಿದ್ದು ಹತ್ತೊಂಬತ್ತನೆಯ ಶತಮಾನದ ಕಾವ್ಯ. ಇದನ್ನು ಅವರು ಮುಚ್ಚಿಡಲಿಲ್ಲ, ಅದಕ್ಕೇ ಆ ಕೃತಿ ನನಗೆ ಮೆಚ್ಚುಗೆ. ಸಿಂಹದ ಬಾಯಿಂದ ಬರುವುದು ಯಾವ ಕಾಲದ, ಯಾವ ಭಾಷೆಯ ದನಿ ಎಂದು ನಿಂತವರಿಗೆ ತಿಳಿಯುತ್ತಿತ್ತು.

ಮುಖದ ವಿಷಯ ಇನ್ನೂ ಸೂಕ್ಷ್ಮ. ಸಂಶೋಧಕಿಯರಾದ ಜಾಯ್ ಬೂಲಂವೀನಿ ಮತ್ತು ಟಿಮ್ನಿಟ್ ಗೆಬ್ರು 2018ರಲ್ಲಿ ಮುಖ ನೋಡಿ ಲಿಂಗ ಗುರುತಿಸುವ ಮಾರುಕಟ್ಟೆಯ ತಂತ್ರಾಂಶಗಳನ್ನು ಅಳೆದರು. ತಿಳಿಬಣ್ಣದ ಗಂಡಸರಲ್ಲಿ ತಪ್ಪು ಹೆಚ್ಚೆಂದರೆ ಶೇ 0.8, ಕಪ್ಪುಬಣ್ಣದ ಹೆಂಗಸರಲ್ಲಿ ಶೇ 34.7ರವರೆಗೆ. ಮರುವರ್ಷ ಕೇಟ್ ಕ್ರಾಫರ್ಡ್ ಮತ್ತು ಟ್ರೆವರ್ ಪ್ಯಾಗ್ಲೆನ್ ‘ಇಮೇಜ್‌ನೆಟ್ ರೂಲೆಟ್’ ತೆರೆದರು. ನಿಮ್ಮ ಫೋಟೊ ಹಾಕಿದರೆ ಇಮೇಜ್‌ನೆಟ್ ಎಂಬ, ಯಂತ್ರಗಳಿಗೆ ಕಲಿಸಲು ಕೂಡಿಸಿದ ಚಿತ್ರಗಳ ದತ್ತಾಂಶದ ಹಣೆಪಟ್ಟಿ ನಿಮ್ಮ ಮೇಲೇ ಬೀಳುತ್ತಿತ್ತು, ಎಷ್ಟೋ ಜನರಿಗೆ ಅವಮಾನದ ಪದಗಳೇ ಸಿಕ್ಕವು. ಆ ಗದ್ದಲದ ನಡುವೆ ಇಮೇಜ್‌ನೆಟ್ ತಂಡ ಆರು ಲಕ್ಷ ಚಿತ್ರ ತೆಗೆದುಹಾಕುವುದಾಗಿ ಪ್ರಕಟಿಸಿತು. ಭಾಗವಹಿಸುವಿಕೆ ಅಂದರೆ ಇದು: ಜನ ಕೊಟ್ಟ ಮುಖಗಳೇ ಪಾಠದ ದೋಷವನ್ನು ಬಯಲಿಗೆಳೆದವು. ಇನ್ನು ರಫಾಯೆಲ್ ಲೊಜಾನೊ-ಹೆಮ್ಮರ್ ಅವರ 2015ರ ‘ಲೆವೆಲ್ ಆಫ್ ಕಾನ್ಫಿಡೆನ್ಸ್’. ಮೆಕ್ಸಿಕೊದಲ್ಲಿ 2014ರಲ್ಲಿ ಕಣ್ಮರೆಯಾದ 43 ವಿದ್ಯಾರ್ಥಿಗಳ ಮುಖಗಳನ್ನಷ್ಟೇ ಕಲಿತ ಕ್ಯಾಮೆರಾ, ಎದುರು ನಿಂತವರ ಮುಖದಲ್ಲಿ ಆ ಹುಡುಗರನ್ನು ಹುಡುಕುತ್ತಲೇ ಇರುತ್ತದೆ. ಹತ್ತಿರದ ಹೋಲಿಕೆಯ ಶೇಕಡಾವಾರು ತೋರಿಸುತ್ತದೆ, ಹುಡುಗರು ಮಾತ್ರ ಸಿಗುವುದಿಲ್ಲ.

ದನಿ ಕೇಳುವ ಕೃತಿ ಕಟ್ಟುವವರಿಗೆ ಬಯಲೇ ಮೊದಲ ತೊಡಕು. ಸಂಚಾರದ ಸದ್ದು, ಗಾಳಿ, ಹಿಂದೆ ನಿಂತವರ ಮಾತು ಎಲ್ಲ ಸೇರಿ ಬರುತ್ತವೆ. ಒಂದೇ ದಿಕ್ಕಿನ ದನಿ ಹಿಡಿಯುವ ಮೈಕ್, ಅದಕ್ಕೆ ಗಾಳಿತಡೆ, ಬಾಯಿಂದ ಒಂದು ಗೇಣು ದೂರ, ಒತ್ತಿ ಹಿಡಿದು ಮಾತಾಡುವ ಗುಂಡಿ: ಇಷ್ಟಿದ್ದರೆ ಅರ್ಧ ತೊಂದರೆ ಕಳೆಯಿತು. ಗುಂಡಿ ಬೇಡ, ಯಂತ್ರ ತಾನೇ ಕೇಳಿಸಿಕೊಳ್ಳಲಿ ಎಂದರೆ ಕೆಡುತ್ತದೆ. ಮಾತನ್ನು ಬರಹಕ್ಕಿಳಿಸುವ ವಿಸ್ಪರ್‌ನಂಥ ಮಾದರಿಗಳು ಬರೀ ಮೌನ ಕೇಳಿಸಿದರೂ ಕೆಲವೊಮ್ಮೆ ಯಾರೂ ಆಡದ ವಾಕ್ಯ ಬರೆದುಬಿಡುತ್ತವೆ. 2022ರಲ್ಲಿ ಬಂದ ವಿಸ್ಪರ್ ಕಲಿತದ್ದು 6,80,000 ಗಂಟೆಗಳ ಧ್ವನಿ. ಇಂಗ್ಲಿಷ್ ಬಿಟ್ಟು ಉಳಿದ 96 ಭಾಷೆಗಳಿಗೆಲ್ಲ ಸೇರಿ ಸಿಕ್ಕಿದ್ದು 1,17,000 ಗಂಟೆ. ಯಂತ್ರ ಯೋಚಿಸುವಷ್ಟು ಹೊತ್ತು ಏನೂ ಕಾಣದಿದ್ದರೆ ಜನ ಹೊರಟುಹೋಗುತ್ತಾರೆ. ಗುಂಡಿ ಬಿಟ್ಟ ಕ್ಷಣವೇ ಒಂದು ದೀಪವಾದರೂ ಬೆಳಗಬೇಕು.

ಬೈಗುಳದ ಸೋಸಣಿಕೆ ಇಲ್ಲದೆ ಯಾವ ಕೃತಿಯನ್ನೂ ಬಯಲಿಗೆ ಬಿಡಬಾರದು. 2016ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್‌ನ ಟೇ ಎಂಬ ಚಾಟ್‌ಬಾಟ್‌ಗೆ ಜನ ಕೆಟ್ಟ ಮಾತು ಕಲಿಸಿ, ಒಂದು ದಿನ ತುಂಬುವ ಮೊದಲೇ ಅದನ್ನು ಮುಚ್ಚಬೇಕಾಯಿತು. ಆದರೆ ಸೋಸಣಿಕೆಯನ್ನೂ ಯಾರೋ ಬರೆದಿರುತ್ತಾರಲ್ಲ. ದೀಕ್ಷಿತ್ ಎಂಬ ಹೆಸರನ್ನು ರೋಮನ್ ಅಕ್ಷರಗಳಲ್ಲಿ ಹೊಡೆದರೆ ಕೊನೆಯ ನಾಲ್ಕಕ್ಷರ ಇಂಗ್ಲಿಷಿನ ಬೈಗುಳ. ಪದದ ಒಳಗೆಲ್ಲ ಹುಡುಕುವ ಸೋಸಣಿಕೆ ಆ ಹೆಸರನ್ನು ತಡೆಯುತ್ತದೆ, ಕನ್ನಡದ ಕೆಟ್ಟ ಬೈಗುಳವನ್ನು ಮಾತ್ರ ಸಲೀಸಾಗಿ ಒಳಗೆ ಬಿಡುತ್ತದೆ. ಇಡೀ ಪದ ಹೊಂದಿದರೆ ಮಾತ್ರ ತಡೆಯುವಂತೆ ಬರೆಯಬೇಕು, ಪಟ್ಟಿಯನ್ನು ಆ ಭಾಷೆ ಆಡುವವರ ಕೈಲೇ ಮಾಡಿಸಬೇಕು.

ಕೊಟ್ಟದ್ದರ ಮೇಲೆ ಕೊಟ್ಟವರಿಗೆ ಹಕ್ಕು ಉಳಿಯಬೇಕು ಎನ್ನುವುದನ್ನು ಚೆನ್ನಾಗಿ ಮಾಡಿ ತೋರಿಸಿದ್ದು ‘ದಿ ಕಾಲ್’. 2024ರಲ್ಲಿ ಲಂಡನ್‌ನ ಸರ್ಪೆಂಟೈನ್ ಗ್ಯಾಲರಿಯಲ್ಲಿ ಹಾಲಿ ಹರ್ನ್‌ಡನ್ ಮತ್ತು ಮ್ಯಾಟ್ ಡ್ರೈಹರ್ಸ್ಟ್ ಮಾಡಿದ ಕೃತಿ. ಬ್ರಿಟನ್ನಿನ 15 ಸಮೂಹಗಾಯನ ತಂಡಗಳು ಇದಕ್ಕೆಂದೇ ಬರೆದ ಹಾಡುಗಳನ್ನು ಹಾಡಿ ಮಾದರಿಗೆ ಕಲಿಸಿದವು. ಆ ದತ್ತಾಂಶದ ಬಳಕೆಯಲ್ಲಿ ಹಾಡಿದವರಿಗೂ ಮಾತಿರುವಂತೆ ಅದನ್ನು ಅವರ ಪರವಾಗಿ ನೋಡಿಕೊಳ್ಳುವ ಟ್ರಸ್ಟ್‌ನ ಪ್ರಯೋಗ ನಡೆಯಿತು. ಸಣ್ಣ ಕೃತಿಯಲ್ಲೂ ಇದನ್ನು ಮಾಡಬಹುದು: ದನಿ ಕೊಟ್ಟವರಿಗೆ ಒಂದು ಸಂಖ್ಯೆಯ ಚೀಟಿ ಮುದ್ರಿಸಿ ಕೊಡಿ, ಆ ಸಂಖ್ಯೆ ಹೇಳಿದರೆ ದಾಖಲೆ ಅಳಿಸಿಬಿಡಿ. ಅಳಿಸುವುದು ಮಾದರಿಗೆ ಕಲಿಸುವ ಮೊದಲೇ ಆಗಬೇಕು. ಕಲಿತ ಮೇಲೆ ಒಬ್ಬರ ದನಿಯನ್ನು ಮಾತ್ರ ಹೊರತೆಗೆಯುವುದು ಬಹಳ ಕಷ್ಟ. ಭಾರತದ 2023ರ ದತ್ತಾಂಶ ರಕ್ಷಣೆ ಕಾಯ್ದೆಯ ಪ್ರಕಾರ 18 ತುಂಬದವರ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕು, ಮಕ್ಕಳೇ ಹೆಚ್ಚು ಬಂದು ನಿಲ್ಲುವ ಕೃತಿಗೆ ಇದು ಚಿಕ್ಕ ವಿಷಯವಲ್ಲ.

ಹುಡುಗಿಯ ಪ್ರಶ್ನೆಗೆ ಉತ್ತರ ಬರೀ ಹೊರದೇಶದವರ ಹತ್ತಿರ ಇಲ್ಲ. ದಶಕಗಳ ಕನ್ನಡ ಬರಹವನ್ನು ನಾವು ಯುನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲಿ ಕೂರಿಸಿಟ್ಟೆವು. ಆ ಕಡತಗಳು ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಪರಿವರ್ತಕಗಳಿವೆ, ಕೂತು ಪರಿವರ್ತಿಸುವವರು ಕಡಿಮೆ. ಈ ಯಂತ್ರಗಳನ್ನು ಕಟ್ಟುವ ತಂಡಗಳಲ್ಲಿ ಕನ್ನಡ ಬಲ್ಲವರಿಗೇನೂ ಬರವಿಲ್ಲ, ಅದಕ್ಕೇ ಇದು ಹೆಚ್ಚು ಚುಚ್ಚುತ್ತದೆ. ಭಾರತೀಯ ಭಾಷೆಗಳನ್ನು ಯಂತ್ರಕ್ಕೆ ಕಲಿಸುವ ಕೇಂದ್ರ ಸರ್ಕಾರದ ಭಾಷಿಣಿ ಯೋಜನೆಯ ‘ಭಾಷಾದಾನ’ದಲ್ಲಿ ಯಾರು ಬೇಕಾದರೂ ವಾಕ್ಯ ಓದಿ ದನಿ ಕೊಡಬಹುದು, ಇನ್ನೊಬ್ಬರು ಕೊಟ್ಟದ್ದನ್ನು ಕೇಳಿ ಸರಿಯಿದೆಯೇ ಎಂದು ಹೇಳಬಹುದು. ಆದರೆ ಪರದೆಯ ಮೇಲಿನ ವಾಕ್ಯ ಓದಿದಾಗ ಬರುವುದು ಪುಸ್ತಕದ ಕನ್ನಡ. ಧಾರವಾಡದ ‘ಹೋಗೂಣು’, ಮೈಸೂರಿನ ‘ಹೋಗೋಣ’, ಕುಂದಾಪುರದ ‘ಹ್ವಾಪ’ ಸಿಗುವುದು ಜನ ತಮ್ಮಷ್ಟಕ್ಕೆ ಮಾತಾಡಿದಾಗ. ಬಯಲಿನ ಕಲಾಕೃತಿಯಿಂದ ಆಗಬಹುದಾದ ದೊಡ್ಡ ಉಪಕಾರ ಇಲ್ಲೇ ಇದೆ: ಬಂದವರು ಮಾತಾಡಲಿ, ಯಂತ್ರ ಕೇಳಿಸಿಕೊಂಡದ್ದನ್ನು ಫಲಕದ ಮೇಲೆ ಬರೆಯಲಿ, ತಪ್ಪಿದ್ದರೆ ಮಾತಾಡಿದವರೇ ತಿದ್ದಲಿ, ಒಪ್ಪಿದವರ ತಿದ್ದುಪಡಿಯಷ್ಟೇ ಮುಂದಿನ ಪಾಠಕ್ಕೆ ಸೇರಲಿ. ಯಾವ ಊರಿನ ಮಾತನ್ನು ಅದು ಎಷ್ಟು ಸಲ ತಪ್ಪಾಗಿ ಕೇಳಿಸಿಕೊಂಡಿತು ಎಂಬ ಪಟ್ಟಿಯನ್ನು ದಿನದಿನವೂ ಕೃತಿಯ ಪಕ್ಕದಲ್ಲೇ ತೂಗುಹಾಕಬೇಕು.