ಬೀಜ ಬಿದ್ದಲ್ಲೆಲ್ಲ ಗಿಡ ಏಳುವುದಿಲ್ಲ

ಒಂದು ಕಾಡುಗಿಡ ಈ ಗುಡ್ಡದಲ್ಲಿ ದಟ್ಟವಾಗಿದೆ, ಪಕ್ಕದ ಗುಡ್ಡದಲ್ಲಿ ಒಂದೂ ಇಲ್ಲ. ಯಾಕೆ ಅಂತ ಕೇಳಿದರೆ 'ಅಲ್ಲಿನ ಮಣ್ಣು ಅದಕ್ಕೆ ಒಗ್ಗುವುದಿಲ್ಲ' ಅಂದುಬಿಡುತ್ತೇವೆ. ಎಷ್ಟೋ ಸಲ ಮಣ್ಣಿನದೇನೂ ತಪ್ಪಿರುವುದಿಲ್ಲ. ಅಲ್ಲಿಗೆ ಬೀಜವೇ ತಲುಪಿರುವುದಿಲ್ಲ. ಇಲ್ಲವೇ ತಲುಪಿ, ಮೊಳೆತು, ಎರಡೆಲೆ ಬಿಡುವಷ್ಟರಲ್ಲಿ ಸತ್ತಿರುತ್ತದೆ. ಹಾಗೆ ಸತ್ತದ್ದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ, ನಾವು ನೋಡುವುದು ಉಳಿದುಕೊಂಡ ಗಿಡಗಳನ್ನು ಮಾತ್ರ ಅಲ್ವಾ?

ಎಕ್ಕದ ಬೀಜ ಗಾಳಿಯಲ್ಲಿ ತೇಲುತ್ತದೆ, ಉತ್ತರಾಣಿ ಬಟ್ಟೆಗೆ ಅಂಟುತ್ತದೆ, ಆಲದ ಹಣ್ಣನ್ನು ಹಕ್ಕಿ ತಿಂದು ಬೀಜವನ್ನು ಬೇರೆಲ್ಲೋ ಹಿಕ್ಕೆಯಲ್ಲಿ ಬಿಡುತ್ತದೆ. ಇದೆಲ್ಲ ಶಾಲೆಯಲ್ಲೇ ಓದಿದ್ದು. ಆದರೆ ಬಹುತೇಕ ಗಿಡಗಳ ಹೆಚ್ಚಿನ ಬೀಜಗಳು ತಾಯಿಗಿಡದ ಆಸುಪಾಸಲ್ಲೇ ಬೀಳುತ್ತವೆ. ದೂರ ಹೋಗುವುದು ಬೆರಳೆಣಿಕೆಯಷ್ಟು, ಹೊಸ ಜಾಗ ಹಿಡಿಯುವುದು ಅವೇ.

ಐಸ್‌ಲ್ಯಾಂಡ್ ಹತ್ತಿರ 1963ರಲ್ಲಿ ಸಮುದ್ರದೊಳಗಿನ ಜ್ವಾಲಾಮುಖಿ ಎದ್ದು ಸುರ್ಟ್ಸಿ ಅನ್ನುವ ದ್ವೀಪ ಹುಟ್ಟಿತು. 1965ರಲ್ಲೇ ದಡದಲ್ಲಿ ಒಂದು ಗಿಡ ಕಾಣಿಸಿಕೊಂಡಿತು, ಅಲೆ ತಂದು ಹಾಕಿದ ಬೀಜದಿಂದ. ಆಮೇಲೆ ಸುಮಾರು ಇಪ್ಪತ್ತು ವರ್ಷ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. 1980ರ ದಶಕದಲ್ಲಿ ಕಡಲಹಕ್ಕಿಗಳು ಅಲ್ಲಿ ಗುಂಪಾಗಿ ಗೂಡು ಕಟ್ಟಲು ಶುರು ಮಾಡಿದವು ನೋಡಿ, ಗಿಡಗಳ ಬಗೆಗಳು ಬೇಗ ಬೇಗ ಹೆಚ್ಚಿದವು. ಹಕ್ಕಿಗಳು ಬೀಜವನ್ನೂ ತಂದವು, ಬರಡು ಲಾವಾಕ್ಕೆ ಹಿಕ್ಕೆಯ ಗೊಬ್ಬರವನ್ನೂ ಹಾಕಿದವು. ಅಲ್ಲಿ ಬೀಜದಷ್ಟೇ ಗೊಬ್ಬರವೂ ಬೇಕಿತ್ತು.

ಮೊಳಕೆಯ ಕಷ್ಟವನ್ನು ಎಣಿಸಿ ನೋಡಿದವರಲ್ಲಿ ಡಾರ್ವಿನ್ ಒಬ್ಬ. ಮೂರಡಿ ಉದ್ದ, ಎರಡಡಿ ಅಗಲದ ನೆಲ ಅಗೆದು ಚೊಕ್ಕ ಮಾಡಿ, ತಾನಾಗಿ ಎದ್ದ ಕಳೆಗಳನ್ನೆಲ್ಲ ಗುರುತು ಹಾಕಿದ. 357 ಮೊಳಕೆ ಬಂದವು, ಅದರಲ್ಲಿ 295 ಸತ್ತವು. ಹೆಚ್ಚು ಕಮ್ಮಿ ಆರಕ್ಕೆ ಐದು! ಕೊಂದದ್ದು ಮುಖ್ಯವಾಗಿ ಗೊಂಡೆಹುಳ (ಚಿಪ್ಪಿಲ್ಲದ ಬಸವನಹುಳದಂಥದ್ದು) ಮತ್ತು ಕೀಟಗಳು. ಅದೂ ಬೇರೆ ಗಿಡಗಳ ಪೈಪೋಟಿ ಇಲ್ಲದ ಖಾಲಿ ನೆಲದಲ್ಲಿ.

ತಾಯಿಮರದ ಕೆಳಗಂತೂ ಇನ್ನೂ ಕಷ್ಟ. ಆ ಜಾತಿಯನ್ನೇ ತಿನ್ನುವ ಹುಳ, ಅದಕ್ಕೇ ತಗಲುವ ಶಿಲೀಂಧ್ರ ಎಲ್ಲ ಅಲ್ಲೇ ಜಮಾಯಿಸಿರುತ್ತವೆ. 1970ರಲ್ಲಿ ಜಾನ್ಜೆನ್, 1971ರಲ್ಲಿ ಕಾನೆಲ್ ಅನ್ನುವ ಪರಿಸರ ವಿಜ್ಞಾನಿಗಳು ಬೇರೆ ಬೇರೆಯಾಗಿ ಇದೇ ಮಾತು ಹೇಳಿದರು: ಮಳೆಕಾಡಿನಲ್ಲಿ ಒಂದೇ ಮರ ಎಲ್ಲ ಕಡೆ ತುಂಬಿಕೊಳ್ಳದೆ ನೂರಾರು ಜಾತಿಗಳು ಬೆರೆತಿರುವುದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ. ನನಗಂತೂ ತುಂಬ ಹಿಡಿಸಿದ ವಿಚಾರ ಇದು.

ಬೀಜದ ಗಾತ್ರದಲ್ಲೂ ಲೆಕ್ಕಾಚಾರ ಇದೆ. ಆರ್ಕಿಡ್ ಬೀಜ ಬರೀ ಧೂಳು, ಎಲ್ಲಿಗೆ ಬೇಕಾದರೂ ಹಾರುತ್ತದೆ, ಆದರೆ ಒಳಗೆ ಬುತ್ತಿ ಇಲ್ಲ. ಮೊಳಕೆಗೆ ಆಹಾರ ಒದಗಿಸುವ ಸರಿಯಾದ ಶಿಲೀಂಧ್ರ ಸಿಗದಿದ್ದರೆ ಕಥೆ ಮುಗಿಯಿತು. ದೊಡ್ಡ ಬೀಜಕ್ಕೆ ಬುತ್ತಿ ಇದೆ, ದಪ್ಪ ತರಗೆಲೆ ಸೀಳಿಕೊಂಡು, ನೆರಳಲ್ಲೂ ಸ್ವಲ್ಪ ದಿನ ತಡೆದುಕೊಂಡು ಮೇಲೇಳುತ್ತದೆ, ಆದರೆ ಹೊತ್ತೊಯ್ಯುವವರು ಬೇಕು. ಜಗತ್ತಿನಲ್ಲೇ ಅತಿ ದೊಡ್ಡ ಬೀಜದ ಜೋಡಿ ತೆಂಗು ಸಹಜವಾಗಿ ಬೆಳೆಯುವುದು ಸೇಶೆಲ್ಸ್‌ನ ಎರಡೇ ದ್ವೀಪಗಳಲ್ಲಿ, ಪ್ರಾಲಿನ್ ಮತ್ತು ಕ್ಯೂರಿಯೂಸ್.

ಕೆಲವು ಸಸಿಗಳಿಗೆ ಒಬ್ಬ ದಾದಿಯೂ ಬೇಕು. ಅಮೆರಿಕ-ಮೆಕ್ಸಿಕೋ ಗಡಿಯ ಸೊನೋರಾ ಮರುಭೂಮಿಯ ಸಗ್ವಾರೋ ಕಳ್ಳಿ ಬೆಳೆದ ಮೇಲೆ ಎಂಥ ಬಿಸಿಲಿಗೂ ಜಗ್ಗುವುದಿಲ್ಲ, ಎಳೆಯದಾಗಿದ್ದಾಗ ಮಾತ್ರ ಯಾವುದಾದರೂ ಮರದ ಇಲ್ಲವೇ ಪೊದೆಯ ನೆರಳು ಸಿಕ್ಕರೇ ಉಳಿಯುವುದು ಜಾಸ್ತಿ. ಆ ಮರ ಸತ್ತು ಹೋದ ಮೇಲೂ ಕಳ್ಳಿ ಅಲ್ಲೇ ನಿಂತಿರುತ್ತದೆ. ಈಗ ಬಂದು ನೋಡಿದವರಿಗೆ ಇಲ್ಲೇ ಯಾಕೆ ಬೆಳೆಯಿತು ಅಂತ ಗೊತ್ತಾಗುವುದು ಹೇಗೆ?

ಅದಕ್ಕೇ ಬೀಜದುಂಡೆ ಎಸೆಯುವ ಕಾರ್ಯಕ್ರಮಗಳ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಸಾವಿರಾರು ಉಂಡೆ ಎಸೆದು, ಫೋಟೋ ತೆಗೆದು ಬಂದರೆ ಬೀಜ ತಲುಪಿಸಿದ ಹಾಗಾಯಿತು ಅಷ್ಟೇ. ಸುಮ್ನೆ ಎಸೆಯುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಬಹುದು. ಒಂದು ತುಂಡು ನೆಲದಲ್ಲಿ ಬೀಜ ಮಾತ್ರ ಹಾಕಿ, ಪಕ್ಕದ ತುಂಡಿನಲ್ಲಿ ಹುಲ್ಲು ತೆಗೆದು, ಬೇಲಿ ಕಟ್ಟಿ, ಅಷ್ಟೇ ಬೀಜ ಹಾಕಿ. ಎರಡರಲ್ಲೂ ಸಸಿ ಉಳಿದರೆ ಅಲ್ಲಿ ಕೊರತೆ ಇದ್ದದ್ದು ಬೀಜಕ್ಕೆ, ಧಾರಾಳವಾಗಿ ಎಸೆಯಿರಿ. ಬೇಲಿಯೊಳಗೆ ಮಾತ್ರ ಉಳಿದರೆ ಉಂಡೆಯ ದುಡ್ಡನ್ನು ಬೇಲಿಗೂ ಹುಲ್ಲು ತೆಗೆಯುವುದಕ್ಕೂ ಹಾಕಿ.